ಕಿವಿಯಲ್ಲೊಂದು ಇಯರ್‌ಫೋನ್, ಎದುರಿಗೆ ಮಗು

ಪೇರೆಂಟ್-ಚೈಲ್ಡ್ ಇಂಟರಾಕ್ಷನ್ ಥೆರಪಿ (ಪಿಸಿಐಟಿ) ಇರೋದು 2ರಿಂದ 7 ವರ್ಷದ ಹಟಮಾರಿ ಮಕ್ಕಳಿಗೆ. ತರಬೇತಿ ಮಾತ್ರ ಅಪ್ಪ ಅಮ್ಮನಿಗೆ! ಮಗುವಿನ ಜೊತೆ ಆಡ್ತಿರುವಾಗಲೇ ಗಾಜಿನ ಆಚೆಯಿಂದ ಥೆರಪಿಸ್ಟ್, ಈಗ ಏನು ಹೇಳಬೇಕು ಅಂತ ಅವರ ಕಿವಿಯ ಇಯರ್‌ಫೋನಿನಲ್ಲಿ ಹೇಳಿಕೊಡ್ತಾರೆ.

ಮೊದಲ ಹಂತ ಬರೀ ಆಟ, ಯಜಮಾನಿಕೆ ಮಗುವಿನದು. 5 ನಿಮಿಷದಲ್ಲಿ 10 ನಿರ್ದಿಷ್ಟ ಹೊಗಳಿಕೆ ("ಜಾಣ" ಸಾಲದು, "ಬೊಂಬೆಗಳನ್ನ ಮೆಲ್ಲಗೆ ಇಟ್ಟೆಯಲ್ಲ, ಚೆನ್ನಾಗಿದೆ" ಅನ್ನಬೇಕು), ಮಗುವಿನ ಮಾತನ್ನೇ 10 ಸಲ ಮರಳಿ ಹೇಳೋದು, ಅದು ಮಾಡ್ತಿರೋದನ್ನ 10 ಸಲ ವರ್ಣಿಸೋದು. ಪ್ರಶ್ನೆ, ಆಜ್ಞೆ, ಟೀಕೆ ಎಲ್ಲ ಸೇರಿ 3ಕ್ಕಿಂತ ಹೆಚ್ಚು ಇರಬಾರದು. ಹೊಗಳಿಕೆ ಬೇಗ ರೂಢಿಯಾಗುತ್ತೆ, ಪ್ರಶ್ನೆ ಬಿಡೋದೇ ಕಷ್ಟ. "ಇದ್ಯಾವ ಬಣ್ಣ?" ಅನ್ನದೆ 5 ನಿಮಿಷ ಕೂತು ನೋಡಿ. ಮಕ್ಕಳ ಜೊತೆ ನಾವು ಆಡೋ ಮಾತಿನಲ್ಲಿ ವಿಚಾರಣೆಯೇ ಎಷ್ಟೊಂದಿದೆ ಅಂತ ಆಗ ತಿಳಿಯುತ್ತೆ. ಮನೆಯಲ್ಲೂ ದಿನಾ ಇದೇ 5 ನಿಮಿಷ.

ಎರಡನೇ ಹಂತ ಆಜ್ಞೆ. ಒಮ್ಮೆಗೆ ಒಂದೇ, ನೇರವಾಗಿ: "ಈ ಕಾರನ್ನ ಡಬ್ಬಿಗೆ ಹಾಕು." "ಹಾಕ್ತೀಯಾ?" ಅಂದರೆ "ಇಲ್ಲ" ಅನ್ನೋಕೆ ನಾವೇ ದಾರಿ ಕೊಟ್ಟಂತೆ. ಬಾಯಿ ಮುಚ್ಚಿಕೊಂಡು 5 ಸೆಕೆಂಡ್ ಕಾಯಬೇಕು. ಮಾಡಿದರೆ ಹೊಗಳಿಕೆ, ಇಲ್ಲದಿದ್ದರೆ ಒಂದೇ ಎಚ್ಚರಿಕೆ, ಆಮೇಲೆ 3 ನಿಮಿಷ ಟೈಮ್‌ಔಟ್ ಕುರ್ಚಿ, ಅಂದರೆ ಆಟ ಬಿಟ್ಟು ಸುಮ್ಮನೆ ಕೂರೋ ಜಾಗ. ಎದ್ದ ಮೇಲೆ ಅದೇ ಆಜ್ಞೆ ಮತ್ತೆ. ಅಲ್ಲಿ ಸಡಿಲ ಬಿಟ್ಟರೆ ಕೆಲಸ ತಪ್ಪಿಸಿಕೊಳ್ಳೋಕೆ ಕುರ್ಚಿಯೇ ಉಪಾಯವಾಗುತ್ತೆ.

ಆಟದ ನಡುವೆ ಮಗು ರಂಪ ಮಾಡಿದರೆ ಕಡೆಗಣಿಸೋದೂ ಈ ತರಬೇತಿಯ ಭಾಗ. ಹಾಗೆ ಕಡೆಗಣಿಸಿದರೆ ಮೊದಮೊದಲು ರಂಪ ಜಾಸ್ತಿಯೇ ಆಗುತ್ತೆ. ಬಹಳ ಜನ ಸೋಲೋದು ಇಲ್ಲೇ. ಹತ್ತು ನಿಮಿಷ ತಡೆದು ಆಮೇಲೆ ಮೊಬೈಲ್ ಕೊಟ್ಟರೆ, ಎಷ್ಟು ಹೊತ್ತು ಅರಚಬೇಕು ಅನ್ನೋದನ್ನ ನಾವೇ ಕಲಿಸಿದ ಹಾಗೆ. ಹೊಡೆಯೋದು, ಕಚ್ಚೋದು ಮಾತ್ರ ಕಡೆಗಣಿಸೋ ವಿಷಯ ಅಲ್ಲ, ಆಗ ಆಟ ತಕ್ಷಣ ನಿಲ್ಲಬೇಕು.