ಅರಿಶಿನದ ಬೆರಳು

ಮಗಳಿಗೆ ನಾಡಿದ್ದು ಎಸ್ಸೆಸ್ಸೆಲ್ಸಿ ವಿಜ್ಞಾನ ಪರೀಕ್ಷೆ. 80 ಅಂಕದ ಪೇಪರ್. ಅಡುಗೆಮನೆ ಕಟ್ಟೆ ಮೇಲೆ ಪುಸ್ತಕ ಹರಡಿಕೊಂಡು ಓದುತ್ತಿದ್ದಾಳೆ. ನಾನು ಒಗ್ಗರಣೆ ಹಾಕುತ್ತಾ ಪ್ರಶ್ನೆ ಕೇಳುತ್ತಿದ್ದೇನೆ.

ಆಮ್ಲ, ಪ್ರತ್ಯಾಮ್ಲ, ಸೂಚಕ ಅಂತ ಉರು ಹೊಡೆಯುತ್ತಿದ್ದಳು, ತಲೆಗೆ ಹತ್ತುತ್ತಿರಲಿಲ್ಲ. ಅರಿಶಿನ ಮೆತ್ತಿದ್ದ ಬೆರಳನ್ನು ಬಟ್ಟೆ ಸೋಪಿನ ನೀರಿಗೆ ಅದ್ದಿ ತೋರಿಸಿದೆ. ಹಳದಿ ಹೋಗಿ ಕೆಂಪಾಯಿತು. ಮೇಲೆ ನಿಂಬೆಹಣ್ಣು ಹಿಂಡಿದೆ. ಮತ್ತೆ ಹಳದಿ! ಸೋಪು ಪ್ರತ್ಯಾಮ್ಲ, ನಿಂಬೆ ಆಮ್ಲ, ಬಣ್ಣ ಬದಲಿಸಿ ಯಾವುದು ಯಾವುದು ಅಂತ ತೋರಿಸುವ ಅರಿಶಿನವೇ ಸೂಚಕ. "ಅಮ್ಮಾ, ಇನ್ನೊಂದ್ಸಲ ಮಾಡು" ಅಂದಳು. ಮೂರು ಸಲ ಮಾಡಿದೆವು. ಮದುವೆ ಮನೆಯ ಓಕುಳಿ ನೀರು ಕೆಂಪಾಗುವುದೂ ಹೀಗೇ, ಅರಿಶಿನಕ್ಕೆ ಸುಣ್ಣ ಬೆರೆಸಿರುತ್ತೇವೆ ಅಲ್ವಾ. ಪ್ರತ್ಯಾಮ್ಲ ಅನ್ನೋದು ನಮ್ಮ ಆರತಿ ತಟ್ಟೆಯಲ್ಲೇ ಇತ್ತು!

ಆಮೇಲೆ ಕಣ್ಣಿನ ಪಾಠ. ಅವಳಿಗೆ ದೂರದ್ದು ಮಂಜು. ಪ್ರತಿಬಿಂಬ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಮೇಲೆ ಬೀಳದೆ ಅದರ ಮುಂದೆಯೇ ಬೀಳುತ್ತದೆ, ಅದಕ್ಕೇ ನಿಮ್ನ ಮಸೂರ, ಅಂದರೆ ನಡುವೆ ತೆಳ್ಳಗೆ, ಅಂಚಿನಲ್ಲಿ ದಪ್ಪ ಇರುವ ಗಾಜು. ಕನ್ನಡಕ ತೆಗೆದು ಪುಸ್ತಕದ ಮೇಲೆ ಎತ್ತಿ ಹಿಡಿದಳು. ಅಕ್ಷರಗಳು ಚಿಕ್ಕದಾಗಿ ಕಂಡವು. ತುಂಬಾ ಹೊತ್ತು ನೋಡುತ್ತಾ ನಿಂತಿದ್ದಳು, ಎರಡು ವರ್ಷದಿಂದ ಹಾಕುತ್ತಿರುವ ಕನ್ನಡಕವನ್ನು.

ನಾನು ಓದುವಾಗ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಅಂತ ಮೂರು ನೋಟ್‌ಬುಕ್. ಒಂದೇ ಕಣ್ಣಿನಲ್ಲಿ ಸ್ನಾಯುವೂ ಇದೆ, ಮಸೂರವೂ ಇದೆ ಅಂತ ಜೋಡಿಸಿ ನೋಡಿದ್ದೇ ಇಲ್ಲ. ಇವತ್ತು ಅವಳ ಜೊತೆ ಕೂತು ನೋಡಿದೆ. ಖುಷಿಯಾಯಿತು.

ವಿದ್ಯುತ್ ಪಾಠ ಬಾಕಿ ಇದೆ. ರೋಧಕಗಳ ಸಮಾಂತರ ಜೋಡಣೆಯಲ್ಲಿ ಇಬ್ಬರಿಗೂ ಗೊಂದಲ ಜಾಸ್ತಿ. ಊಟ ಮಾಡಿ ಕೂರುತ್ತೇವೆ.