ಮರುದಿನದ ಬಸ್ಸಾರು

ಮನೆಯೂಟದ ಹಂಬಲದ ಬಗ್ಗೆ ಮಾತು ಬಂದಾಗ ಹಬ್ಬದ ಹೋಳಿಗೆ, ಪಾಯಸಗಳ ಹೆಸರೇ ಮೊದಲು ಕೇಳಿಬರುತ್ತದೆ. ಆದರೆ ಕೆಲಸ ಮುಗಿಸಿ ದಣಿದು ಬಂದ ಸಂಜೆ, ಅಥವಾ ಜ್ವರ ಬಿಟ್ಟು ನಾಲಿಗೆಗೆ ರುಚಿ ಮರಳುವ ಹೊತ್ತಿನಲ್ಲಿ, ನನ್ನಂಥ ಹಳೇ ಮೈಸೂರು ಸೀಮೆಯವರ ಮನಸ್ಸು ಹುಡುಕುವುದು ಬಿಸಿ ಮುದ್ದೆಯನ್ನು ಮತ್ತು ಬಸ್ಸಾರನ್ನು.

ಅವರೆಯನ್ನೋ ಅಲಸಂದೆಯನ್ನೋ ದಂಟಿನ ಸೊಪ್ಪಿನ ಜೊತೆ ಬೇಯಿಸಿ ಕಟ್ಟನ್ನು ಬಸಿದುಕೊಳ್ಳುತ್ತಾರೆ. ಬೆಂದದ್ದರಲ್ಲಿ ಒಂದು ಹಿಡಿಯನ್ನು ತೆಗೆದಿಟ್ಟು, ಉಳಿದುದಕ್ಕೆ ಒಗ್ಗರಣೆ ಹಾಕಿ ತೆಂಗಿನತುರಿ ಉದುರಿಸಿದರೆ ಪಲ್ಯ ಸಿದ್ಧ. ತೆಗೆದಿಟ್ಟ ಹಿಡಿಯನ್ನು ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಕಾಯಿತುರಿ ಮತ್ತು ಸಾರಿನ ಪುಡಿಯೊಡನೆ ನುಣ್ಣಗೆ ರುಬ್ಬಿ, ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಇದ್ದುದರಲ್ಲಿಯೇ ಎರಡು ಬಗೆ ಬಡಿಸಬೇಕೆಂಬ ಹಳ್ಳಿಯ ಹೆಣ್ಣುಮಕ್ಕಳ ಹಟ ಈ ಕ್ರಮದ ಹಿಂದೆ ಇದ್ದಿರಬೇಕೆಂದು ನನಗೆ ಅನ್ನಿಸುತ್ತದೆ.

ಅಂದು ಮಾಡಿದ ಬಸ್ಸಾರು ಊಟಕ್ಕೆ ಸಾಕು. ಆದರೆ ಅದರ ನಿಜವಾದ ರುಚಿ ಮರುದಿನದ್ದು. ರಾತ್ರಿ ಒಮ್ಮೆ, ಬೆಳಿಗ್ಗೆ ಇನ್ನೊಮ್ಮೆ ಕುದಿಸಿಟ್ಟ ಸಾರು ಗಟ್ಟಿಯಾಗಿ, ಹುಳಿ ಮತ್ತು ಖಾರಗಳು ಒಂದಕ್ಕೊಂದು ಹೊಂದಿಕೊಂಡು, ಬೆಳ್ಳುಳ್ಳಿಯ ಘಾಟು ಇಳಿದಿರುತ್ತದೆ. ಇದರ ತಳದಲ್ಲಿ ಉಳಿದ ಗಸಿಗಾಗಿ ಮನೆಗಳಲ್ಲಿ ಸಣ್ಣ ಜಗಳಗಳೇ ನಡೆಯುತ್ತವೆ. ಹೋಟೆಲಿನವರು ಎಷ್ಟೇ ಚೆನ್ನಾಗಿ ಮಾಡಿದರೂ ನಿನ್ನೆಯ ಸಾರನ್ನು ಹೆಮ್ಮೆಯಿಂದ ಬಡಿಸುವಂತಿಲ್ಲ. ಆ ಸಲುಗೆ ಮನೆಗೆ ಮಾತ್ರ ಸೇರಿದ್ದು. ರಾಗಿಯ 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ ಎಂದು ಈಗ ಮುದ್ದೆಯನ್ನು ಹೊಗಳುವವರು ಹೆಚ್ಚಾಗಿದ್ದಾರೆ. ಮಾತು ಸರಿಯೇ, ಆದರೆ ಆ ಲೆಕ್ಕ ನೋಡಿ ಮುದ್ದೆ ಮುರಿದವರನ್ನು ನಾನು ನಮ್ಮ ಕಡೆ ಕಂಡಿಲ್ಲ.

ಬಸ್ಸಾರಿಗೆ ಒಪ್ಪಿತವಾದ ಒಂದು ಪಾಕವಿಲ್ಲ. ಮಂಡ್ಯದ ಮನೆಯದು ತುಮಕೂರಿನವರಿಗೆ ಸಪ್ಪೆ ಎನಿಸಬಹುದು. ಒಂದೇ ಬೀದಿಯ ಎರಡು ಮನೆಗಳಲ್ಲಿಯೂ ಮೆಣಸಿನ ಅಳತೆ ಬೇರೆಯಾಗಿರುತ್ತದೆ. ಹೀಗಾಗಿ ನಾವು ಹಂಬಲಿಸುವುದು ಬಸ್ಸಾರಿಗಾಗಿ ಅಲ್ಲ, ಒಬ್ಬರ ಕೈಯ ಬಸ್ಸಾರಿಗಾಗಿ. ಆ ಕೈ ಇಲ್ಲವಾದ ಮೇಲೆ ಅದೇ ಪುಡಿ, ಅದೇ ಪಾತ್ರೆ ಇದ್ದರೂ ಏನೋ ಒಂದು ತಪ್ಪುತ್ತದೆ, ಮತ್ತು ತಪ್ಪಿದ್ದೇನೆಂದು ನಾಲಿಗೆಗೆ ಹೇಳಲಾಗುವುದಿಲ್ಲ.

ಹೊರದೇಶದಲ್ಲಿರುವ ನಮ್ಮ ನೆಂಟರು ಫ್ರೀಜರಿನ ಅವರೆಕಾಳಿನಲ್ಲಿಯೇ ಬಸ್ಸಾರು ಮಾಡುತ್ತಾರೆ. ಇಬ್ಬನಿ ಬೀಳುವ ಮಾರ್ಗಶಿರ, ಪುಷ್ಯದ ಅವರೆಗಿರುವ ಸೊಗಡು ಅದಕ್ಕೆ ಬರುವುದಿಲ್ಲವೆಂದು ಅವರೂ ಒಪ್ಪುತ್ತಾರೆ. ಆದರೂ ಭಾನುವಾರ ದೊಡ್ಡ ಪಾತ್ರೆಯಲ್ಲಿಯೇ ಮಾಡುತ್ತಾರೆ, ಸೋಮವಾರ ಸಂಜೆ ಕೆಲಸದಿಂದ ಬಂದು ಕುದಿಸಿಕೊಳ್ಳಲು.