ಕರ್ಸರ್ ಬಂತು, ಕೈ ಬರ್ಲಿಲ್ಲ

ಎಲ್ರೂ ಒಂದೇ ಆನ್‌ಲೈನ್ ಬೋರ್ಡ್ ಮೇಲೆ ಒಟ್ಟಿಗೆ ಡಿಸೈನ್ ಮಾಡೋ ಫಿಗ್ಮಾ, ಮೀರೋ ಥರದ ಟೂಲ್ ಇದ್ರೆ ಟೀಮ್ ಎಲ್ಲಿ ಕೂತಿದ್ರೂ ಒಂದೇ ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ ನಂಗೆ. ಕೆಲಸ ಆಗತ್ತೆ, ಇಲ್ಲ ಅಂತಿಲ್ಲ. ಆದ್ರೆ ಮೀಟಿಂಗಲ್ಲಿ ನಮ್ ಕೈ ಮಾಡೋ ಕೆಲಸ ಇದ್ಯಲ್ಲ, ಅದ್ರಲ್ಲಿ ಬೆರಳು ತೋರ್ಸೋದು ಒಂದ್ ಬಿಟ್ರೆ ಬೇರೆ ಏನೂ ಈ ಟೂಲ್‌ಗಳಲ್ಲಿ ಆ ಕಡೆಗೆ ಸರಿಯಾಗಿ ದಾಟಲ್ಲ.

ಮೊನ್ನೆ ಪೇಮೆಂಟ್ ಸ್ಕ್ರೀನ್ ಬಗ್ಗೆ ಚರ್ಚೆ ನಡೀತಿತ್ತು. ನಮ್ ಡೆವಲಪರ್ ಹುಡುಗ ಎಡಗೈನೇ ಫೋನ್ ಅನ್ನೋ ಹಾಗೆ ಹಿಡ್ದು, ಬಲಗೈನ ಅದ್ರ ಮೇಲೆ ಕೆಳಗಿಂದ ಜಾರಿಸ್ಕೊಂಡ್ ಬಂದು ಅರ್ಧಕ್ಕೆ ನಿಲ್ಸಿ "ಇಲ್ಲೀವರ್ಗೂ ಸಾಕು, ಪೂರ್ತಿ ಮುಚ್ಬಾರ್ದು" ಅಂದ. ಸ್ವಲ್ಪ ಹೊತ್ತಾದ್ಮೇಲೆ ನಮ್ ಸೀನಿಯರ್ ಮೇಡಂ "ಅದೇ ಇನ್ನೊಂಚೂರು ನಿಧಾನ ಬಂದ್ರೆ?" ಅಂತ ತಮ್ ಕೈಯಲ್ಲೂ ಹಂಗೇ ಮಾಡಿ ತೋರ್ಸಿದ್ರು, ಕೂತಿದ್ದೋರ್ಗೆಲ್ಲ ಅರ್ಥ ಆಯ್ತು, ಮೈಸೂರಿಂದ ಕಾಲ್‌ನಲ್ಲಿದ್ದವನು ಮಾತ್ರ "ಯಾವ್ದು? ಏನ್ ನಿಧಾನ?" ಅಂತಿದ್ದ. ಪಾಪ ಅವನಿಗೆ ಕಾಣ್ತಿದ್ದಿದ್ದು ಸ್ಕ್ರೀನ್ ಶೇರ್, ಅದ್ರ ಮೇಲೆ ಅಲ್ಲಾಡ್ದೆ ನಿಂತಿದ್ದ ನನ್ ಕರ್ಸರ್.

ತಮಾಷೆ ಅಂದ್ರೆ ಇದು ಗೊತ್ತಿಲ್ದೆ ಇರೋ ವಿಷಯ ಅಲ್ಲ. 80ರ ದಶಕದಲ್ಲೇ ಜಾನ್ ಟ್ಯಾಂಗ್ ಅನ್ನೋ ಸಂಶೋಧಕರು ಡಿಸೈನ್ ಟೀಮ್‌ಗಳ ವಿಡಿಯೋ ಹಾಕ್ಕೊಂಡು ಕೂತು ನೋಡಿದ್ರು, ಕಾಗದದ ಸುತ್ತ ನಡಿಯೋ ಕೆಲಸದಲ್ಲಿ ಹೆಚ್ಚುಕಡ್ಮೆ ಮೂರ್ರಲ್ಲೊಂದು ಭಾಗ ಬರೀ ಕೈಸನ್ನೆ. ಆಮೇಲೆ ಜೆರಾಕ್ಸ್ ಕಂಪ್ನಿಯ ಪಾರ್ಕ್ (PARC) ಅನ್ನೋ ಸಂಶೋಧನಾ ಕೇಂದ್ರದಲ್ಲಿ ಅವ್ರೂ ಸ್ಕಾಟ್ ಮಿನ್ನೆಮನ್ನೂ ಸೇರಿ ವಿಡಿಯೋವೈಟ್‌ಬೋರ್ಡ್ ಅಂತ ಮಾಡಿದ್ರು, 1991ರಲ್ಲಿ. ಬೋರ್ಡ್ ಹಿಂದೆ ಕ್ಯಾಮೆರಾ, ನೀವು ಬರೆದದ್ರ ಜೊತೆ ನಿಮ್ ನೆರಳೂ ಆ ಕಡೆಯವ್ರ ಬೋರ್ಡ್ ಮೇಲೆ ಬೀಳತ್ತೆ. ಮರುವರ್ಷ ಜಪಾನಿನ ಟೆಲಿಫೋನ್ ಕಂಪ್ನಿ ಎನ್‌ಟಿಟಿಯಲ್ಲಿ ಹಿರೋಶಿ ಇಶಿಯಿ, ಮಿನೋರು ಕೊಬಯಾಶಿ ಅವ್ರ ಕ್ಲಿಯರ್‌ಬೋರ್ಡ್, ಇಬ್ರ ಮಧ್ಯೆ ಗಾಜು ಇದ್ದ ಹಾಗೆ, ಮುಖನೂ ಕಾಣತ್ತೆ, ಬರೆಯೋ ಕೈನೂ ಕಾಣತ್ತೆ. 1995ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರಾದ ಓಲ್ಸನ್ ದಂಪತಿ ಜೊತೆ ಮಟಿಲ್ಡ ಬೆಕರ್ ಈ ಸನ್ನೆಗಳನ್ನ ವಿಂಗಡಿಸಿದ್ರು: ಬೆರಳು ತೋರ್ಸೋದು ಬೇರೆ, ದೂರ-ಗಾತ್ರ ತೋರ್ಸೋದು ಬೇರೆ, ಬಳಸೋರು ಏನ್ ಮಾಡ್ತಾರೋ ಅದನ್ನ ಕೈಯಲ್ಲೇ ಆಡಿ ತೋರ್ಸೋದು ಬೇರೆ.

ನಮ್ ಹುಡುಗ ಮಾಡಿದ್ದು ಆ ಕೊನೇದು. ಹೆಸ್ರು ಹೊತ್ಕೊಂಡು ಓಡಾಡೋ ಬಣ್ಣಬಣ್ಣದ ಕರ್ಸರ್‌ಗಳಿಗೆ ಮೊದಲ್ನೇದು ಚೆನ್ನಾಗಿ ಬರತ್ತೆ, ಎರಡ್ನೇದು ಎಳ್ದಾಡಿ ಒಂಚೂರು, ಮೂರ್ನೇದಕ್ಕೆ ಎರಡು ಕೈ ಬೇಕಲ್ವಾ, ಬಾಣದ ಗುರ್ತು ಏನ್ ಮಾಡತ್ತೆ? ಕಂಪ್ನಿಗಳು ಕರ್ಸರ್‌ಗೆ ಚಾಟ್, ಎಮೋಜಿ, ಚಪ್ಪಾಳೆ ಎಲ್ಲ ಸೇರಿಸ್ತಾ ಹೋಗೋದ್ ಬಿಟ್ಟು ಕ್ಯಾನ್ವಾಸ್ ಮೇಲೆ ಕೈ ನೆರಳು ತೋರ್ಸೋ ಒಂದು ಬಟನ್ ಕೊಟ್ರೆ ಸಾಕಾಗಿತ್ತು.

ಸದ್ಯಕ್ಕೆ ನಾವು ಹಳೇ ಫೋನೊಂದನ್ನ ಸ್ಟ್ಯಾಂಡಿಗೆ ಹಾಕಿ ಟೇಬಲ್ ಮೇಲಿನ ಕಾಗದ ಕಾಣೋ ಹಾಗೆ ಇಟ್ಟು, ಅದನ್ನೂ ಒಬ್ಬ ಮೆಂಬರ್ ಥರ ಕಾಲ್‌ಗೆ ಸೇರ್ಸ್ತಿದೀವಿ. ಮೈಸೂರಿನವನು ಅದನ್ನೇ ಪಿನ್ ಮಾಡ್ಕೊಂಡಿರ್ತಾನೆ. ಫೋನ್‌ನ ಮೈಕ್, ಸ್ಪೀಕರ್ ಎರಡೂ ಆಫ್ ಮಾಡ್ಬೇಕು ಅಷ್ಟೇ, ಇಲ್ಲಾಂದ್ರೆ ಎಕೋ ಹೊಡ್ದು ಕಿವಿ ಹರ್ದೋಗತ್ತೆ.